ಡಬ್ಬದ ಮೇಲಿಲ್ಲದ ಮನೆ

ಹುಟ್ಟುಹಬ್ಬಕ್ಕೋ ಕ್ರಿಸ್ಮಸ್ ಹಬ್ಬಕ್ಕೋ ನಿಮ್ಮ ಮನೆಯ ಮಗುವಿಗೆ ಯಾರಾದರೂ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬವೊಂದನ್ನು ತಂದುಕೊಟ್ಟಿರಬಹುದು. ಡಬ್ಬದ ಮೇಲೆ ಬೆಂಕಿ ನಂದಿಸುವ ವಾಹನದ ಚಿತ್ರ. ಒಳಗೆ ಪುಟ್ಟ ಪುಸ್ತಿಕೆ. ಯಾವ ತುಂಡಿನ ಮೇಲೆ ಯಾವ ತುಂಡು ಕೂರಬೇಕೆಂದು ಅದರಲ್ಲಿ ಪುಟಪುಟಕ್ಕೂ ತೋರಿಸಿದೆ. ಮಗು ಅದನ್ನು ನೋಡಿಕೊಂಡು ಎರಡು ಗಂಟೆಯಲ್ಲಿ ವಾಹನ ಕಟ್ಟಿ ಮುಗಿಸುತ್ತದೆ. ಮನೆಯವರೆಲ್ಲ ಭೇಷ್ ಎನ್ನುತ್ತಾರೆ. ಮರುದಿನ ಆ ವಾಹನ ಷೋಕೇಸಿನ ಗಾಜಿನ ಹಿಂದೆ ಸೇರುತ್ತದೆ. "ಮುಟ್ಟಬೇಡ, ಬಿಚ್ಚಿದರೆ ಒಂದು ತುಂಡೂ ಸಿಗುವುದಿಲ್ಲ" ಎಂದು ಅಮ್ಮ ಎಚ್ಚರಿಸುತ್ತಾಳೆ. ದುಬಾರಿ ಆಟಿಕೆ, ಆಕೆಯ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಆಟ ಶುರುವಾಗಬೇಕಾಗಿದ್ದ ಹೊತ್ತಿನಲ್ಲಿ ಮುಗಿದುಹೋಯಿತು, ಅಷ್ಟೆ.

ಪುಸ್ತಿಕೆಯನ್ನು ಬದಿಗಿಟ್ಟು, ಅವೇ ಇಟ್ಟಿಗೆಗಳಿಂದ ಯಾರೂ ಕಟ್ಟಿರದ ಒಂದು ವಸ್ತುವನ್ನು ತಾನೇ ಯೋಚಿಸಿ ಕಟ್ಟುವುದು ಇಂದು ಅನೇಕ ದೇಶಗಳಲ್ಲಿ ಮಕ್ಕಳ ಆಟವಷ್ಟೇ ಅಲ್ಲ, ದೊಡ್ಡವರ ಹವ್ಯಾಸವೂ ಆಗಿದೆ. ಈ ವಾರ ಅದನ್ನು ಕುರಿತು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ. ಪುಸ್ತಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಕಾಪಿ ಬರೆಯದೆ ಅಕ್ಷರ ದುಂಡಾಗುವುದಿಲ್ಲ. ಆದರೆ ಕಾಪಿ ಬರೆಯುವುದನ್ನೇ ಬರವಣಿಗೆಯೆಂದು ತಿಳಿದ ಮಗು ಒಂದು ಪತ್ರವನ್ನಾದರೂ ಸ್ವಂತವಾಗಿ ಬರೆಯುವುದು ಯಾವಾಗ?

ಈ ಇಟ್ಟಿಗೆಯ ಊರು ಡೆನ್ಮಾರ್ಕ್ ದೇಶದ ಬಿಲ್ಲುಂಡ್. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1916ರಲ್ಲಿ ಅಲ್ಲಿ ಒಂದು ಮರಗೆಲಸದ ಕಾರ್ಖಾನೆಯನ್ನು ಕೊಂಡುಕೊಂಡರು. ಮನೆಗಳಿಗೆ ಬಾಗಿಲು ಕಿಟಕಿ ಮಾಡಿಕೊಡುವುದು ಅವರ ಕಸುಬು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರೇ ಇಲ್ಲವಾದರು. 1932ರಲ್ಲಿ ಪತ್ನಿಯೂ ತೀರಿಕೊಂಡು ನಾಲ್ಕು ಗಂಡುಮಕ್ಕಳ ಹೊಣೆ ಅವರೊಬ್ಬರ ಮೇಲೆ ಬಿತ್ತು. ಅದೇ ವರ್ಷ ಅವರು ಇಸ್ತ್ರಿ ಹಲಗೆ, ಏಣಿಗಳ ಜೊತೆಗೆ ಮರದ ಆಟಿಕೆಗಳನ್ನು ಮಾಡತೊಡಗಿದರು. 1934ರಲ್ಲಿ ಇಟ್ಟ 'ಲೆಗೊ' ಎಂಬ ಹೆಸರು 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡ್ಯಾನಿಷ್ ಪದಗಳಿಂದ ಹುಟ್ಟಿದ್ದು. ಕ್ರಿಸ್ಟಿಯಾನ್ಸೆನ್ ದೈವಭಕ್ತ ಲೂಥರನ್ ಕ್ರೈಸ್ತರು. ಅವರ ಬಗ್ಗೆ ಆ ಸಂಸ್ಥೆಯವರು ಹೇಳಿಕೊಂಡು ಬಂದಿರುವ ಒಂದು ಕಥೆಯಿದೆ. ಮರದ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷ್ ಬಳಿಯುವುದು ರೂಢಿ. ಮಗ ಗಾಡ್‌ಫ್ರೆಡ್ ಎರಡೇ ಸಲ ಬಳಿದು ರೈಲ್ವೆ ಸ್ಟೇಷನ್ನಿಗೆ ಕಳಿಸಿ, ಹಣ ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿದನಂತೆ. ತಂದೆ ಪೆಟ್ಟಿಗೆಗಳನ್ನು ವಾಪಸು ತರಿಸಿ ಮೂರನೆಯ ಸಲವೂ ಬಳಿಸಿದರು.

ಮುಂದೆ ಅದೇ ಗಾಡ್‌ಫ್ರೆಡ್ ಈ ಇಟ್ಟಿಗೆಗೆ ಪ್ರಾಣ ಕೊಟ್ಟವರು. 1949ರಲ್ಲಿ ಹೊರಬಂದ ಮೊದಲ ಪ್ಲಾಸ್ಟಿಕ್ ಇಟ್ಟಿಗೆ ಪೂರ್ತಿ ಅವರ ಕಲ್ಪನೆಯೇನೂ ಆಗಿರಲಿಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರು ಮಾಡಿದ್ದ ಇಟ್ಟಿಗೆಯೇ ಅದಕ್ಕೆ ಮಾದರಿ. ಒಳಗೆ ಟೊಳ್ಳಾಗಿದ್ದ ಅದು ಒಂದರ ಮೇಲೊಂದು ಕೂರುತ್ತಿತ್ತೇ ಹೊರತು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. 1958ರ ಜನವರಿ 28ರಂದು ಗಾಡ್‌ಫ್ರೆಡ್ ಹೊಸ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಇಟ್ಟಿಗೆಯ ಮೇಲೆ ಅಂಗಿಯ ಗುಂಡಿಗಳಂತೆ ಉಬ್ಬಿದ ಎಂಟು ಗುಂಡಿಗಳು, ಒಳಗೆ ಮೂರು ಕೊಳವೆಗಳು. ಕೆಳಗಿನ ಇಟ್ಟಿಗೆಯ ಗುಂಡಿ ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡು ರವಿಕೆಯ ಟಿಚ್ ಬಟನ್ನಿನಂತೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಅಂಗಡಿಯಲ್ಲಿ ಕೊಳ್ಳುವವರ ಕಣ್ಣಿಗೆ ಬೀಳದ ಕೊಳವೆ ಅದು, ಮೂರನೆಯ ವಾರ್ನಿಷಿನ ಹಾಗೆ. ಆ ವರ್ಷ ಮಾಡಿದ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೂ ಸರಿಯಾಗಿ ಕೂರುತ್ತದೆ. ತಾತ ಆಡಿದ ತುಂಡು ಮೊಮ್ಮಗಳ ಗೋಡೆಗೆ ಬರುತ್ತದೆ ಎಂದಾಯಿತು.

ಈಗ ಒಂದು ಲೆಕ್ಕ. ಎಂಟು ಗುಂಡಿಯ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರನ್ನು 1,060 ಬಗೆಯಲ್ಲಿ. ಆರು ಇಟ್ಟಿಗೆಗಳಾದರೆ? ಸಂಸ್ಥೆಯವರು ಬಹುಕಾಲ 10 ಕೋಟಿ 29 ಲಕ್ಷಕ್ಕೂ ಹೆಚ್ಚು ಎಂದು ಹೇಳುತ್ತಿದ್ದರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರನ್ ಐಲರ್ಸ್ ಪರಿಶೀಲಿಸಿದಾಗ ಅದು ಆರು ಅಂತಸ್ತಿನ ಗೋಪುರಗಳ ಲೆಕ್ಕ ಮಾತ್ರವೆಂದು ತಿಳಿಯಿತು. ಅಕ್ಕಪಕ್ಕಕ್ಕೆ ಹರಡಿಕೊಂಡ ಜೋಡಣೆಗಳನ್ನೂ ಸೇರಿಸಿ ಅವರು ಗಣಕಯಂತ್ರದಿಂದ ಎಣಿಸಿದಾಗ ಬಂದ ಸಂಖ್ಯೆ 91,51,03,765. ತೊಂಬತ್ತೊಂದು ಕೋಟಿಗೂ ಮಿಕ್ಕಿ! ಬರೀ ಆರು ಇಟ್ಟಿಗೆ. "ನಮ್ಮ ಮನೆಯಲ್ಲಿರುವುದು ಒಂದು ಹಿಡಿ ಮಾತ್ರ" ಎಂದು ಕೊರಗುವ ತಂದೆತಾಯಂದಿರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು.

ತುಂಡುಗಳ ನಮೂನೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭ್ರಮೆ ಆ ಸಂಸ್ಥೆಯನ್ನೂ ಬಿಡಲಿಲ್ಲ. 1990ರ ದಶಕದ ಕೊನೆಯಿಂದ ಒಂದೊಂದು ಡಬ್ಬಕ್ಕೂ ಅದಕ್ಕಷ್ಟೇ ಒಪ್ಪುವ ವಿಶೇಷ ತುಂಡುಗಳನ್ನು ಅಚ್ಚುಹಾಕುತ್ತ ಹೋಗಿ, ಕೆಲವೇ ವರ್ಷಗಳಲ್ಲಿ ನಮೂನೆಗಳ ಸಂಖ್ಯೆ ಸುಮಾರು ದುಪ್ಪಟ್ಟಾಯಿತು. ಪ್ರತಿ ಹೊಸ ನಮೂನೆಗೂ ದುಬಾರಿ ಅಚ್ಚು ಬೇಕು. ಬೇರೆ ಉದ್ಯಮಗಳಿಗೂ ಕೈಹಾಕಿದ್ದರಿಂದ 2003–04ರ ಹೊತ್ತಿಗೆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತ್ತು. 2004ರಲ್ಲಿ ಮುಖ್ಯಸ್ಥರಾದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ನಮೂನೆಗಳನ್ನು ಸುಮಾರು ಅರ್ಧಕ್ಕೆ ಇಳಿಸಿದ್ದು. ವ್ಯಾಪಾರದ ಕಾರಣಗಳು ಅವರಿಗಿರಲಿ. ಕಟ್ಟುವವರಿಗೆ ಇದರಲ್ಲಿರುವ ವಿಷಯ ಬೇರೆ. ಒಂದೇ ಕೆಲಸಕ್ಕೆ ಬರುವ ತುಂಡು ಕೈಯಲ್ಲಿದ್ದರೆ ಯೋಚನೆಗೆ ಕೆಲಸವಿಲ್ಲ. ಸಾಮಾನ್ಯ ತುಂಡು ಕೈಯಲ್ಲಿದ್ದಾಗಲೇ ತಲೆ ಓಡುತ್ತದೆ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ನಮಗೆಲ್ಲ ಪರಿಚಯವಿರುವ ಒಂದು ಹೆಂಚಿನ ಮನೆಯನ್ನೇ ತೆಗೆದುಕೊಳ್ಳಿ. 30 ಅಡಿ ಅಗಲ, 40 ಅಡಿ ಉದ್ದ. ಇಂತಹ ಮನೆ ಯಾವ ಡಬ್ಬದ ಮೇಲೂ ಇರುವುದಿಲ್ಲ. ಆದ್ದರಿಂದಲೇ ಅದು ಒಳ್ಳೆಯ ಪಾಠ.

ಮೊದಲು ಅಳತೆ. ಎರಡು ಗುಂಡಿಗಳ ನಡುವಿನ ದೂರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ, ಗುಂಡಿ ಬಿಟ್ಟು, 9.6 ಮಿಲಿಮೀಟರ್. 'ಪ್ಲೇಟು' ಎಂಬ ತೆಳು ತುಂಡಿನ ಎತ್ತರ 3.2, ಅಂದರೆ ಮೂರು ಪ್ಲೇಟು ಸೇರಿ ಒಂದು ಇಟ್ಟಿಗೆ. ಡಬ್ಬಗಳಲ್ಲಿ ಬರುವ ಪುಟ್ಟ ಮನುಷ್ಯ ಗೊಂಬೆ 1978ರಲ್ಲಿ ಬಂದದ್ದು. ಅದಕ್ಕೆಂದು ಮಾಡಿದ ಬಾಗಿಲು ಆರು ಇಟ್ಟಿಗೆ ಎತ್ತರ. ಈ ಬಾಗಿಲನ್ನು ನಮ್ಮ ಏಳಡಿ ಬಾಗಿಲೆಂದು ಎಣಿಸಿದರೆ ಒಂದು ಗುಂಡಿಗೆ ಸರಿಸುಮಾರು ಒಂದು ಅಡಿ ಲೆಕ್ಕ ಬರುತ್ತದೆ. 30 ಅಡಿಯ ಮನೆಗೆ 30 ಗುಂಡಿ, 40 ಅಡಿಗೆ 40. ಲೆಕ್ಕವೇನೋ ಸುಲಭ, ಆದರೆ ಎರಡು ಗುಂಡಿ ದಪ್ಪದ ಗೋಡೆಯ ಒಂದು ವರಸೆಗೆ ಎಂಟು ಗುಂಡಿಯ ಇಟ್ಟಿಗೆ 33 ಬೇಕು. ಒಂಬತ್ತು ವರಸೆಗೆ ಹತ್ತಿರ ಹತ್ತಿರ 300. ಅಷ್ಟು ಇಟ್ಟಿಗೆ ಸಾಮಾನ್ಯ ಮನೆಯಲ್ಲಿ ಇರುವುದಿಲ್ಲ. ಸ್ವಂತ ಮಾದರಿ ಕಟ್ಟಲು ಹೊರಟ ಅನೇಕರು ಅರ್ಧ ಗೋಡೆಗೆ ಕೈಚೆಲ್ಲುವುದು ಇಲ್ಲಿಯೇ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದ್ದು ನಿಮಗೆ ನೆನಪಾಗಬಹುದು.

ಆದ್ದರಿಂದ ಅಳತೆಯನ್ನು ಅರ್ಧಕ್ಕೆ ಇಳಿಸಿ. ಒಂದು ಗುಂಡಿಗೆ ಎರಡು ಅಡಿ. ಬಾಗಿಲು ಮೂರು ಇಟ್ಟಿಗೆ ಎತ್ತರ, ಗೋಡೆ ನಾಲ್ಕು ವರಸೆ. ಅಗಲ 15 ಗುಂಡಿ ಬರುತ್ತದೆ. ಬೆಸ ಸಂಖ್ಯೆ ಬೇಡ, 16 ಮಾಡಿಕೊಳ್ಳಿ. ಉದ್ದ 20. ಮೊದಲ ವರಸೆಯಲ್ಲಿ ಉದ್ದದ ಎರಡು ಗೋಡೆಗಳಿಗೆ ಐದೈದು ಇಟ್ಟಿಗೆ ಇಟ್ಟು, ಅವುಗಳ ನಡುವೆ ಅಗಲದ ಗೋಡೆಗಳಿಗೆ ಮೂರು ಮೂರು ಇಡಿ. ಒಟ್ಟು 16. ಎರಡನೆಯ ವರಸೆಯಲ್ಲಿ ಅದನ್ನು ತಿರುಗಿಸಿ: ಅಗಲದ ಗೋಡೆಗಳು ಮೂಲೆಯಿಂದ ಮೂಲೆಗೆ ನಾಲ್ಕು ನಾಲ್ಕು, ಅವುಗಳ ನಡುವೆ ಉದ್ದದ ಗೋಡೆಗಳಿಗೂ ನಾಲ್ಕು ನಾಲ್ಕು. ಮತ್ತೆ 16. ಹೀಗೆ ಮಾಡಿದಾಗ ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಎಲ್ಲಿಯೂ ಬರುವುದಿಲ್ಲ, ಮೂಲೆಗಳೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಗಾರೆ ಮೇಸ್ತ್ರಿಗಳು ದಿನವೂ ಮಾಡುವ ಕೆಲಸ ಇದೇ. ನಿಮ್ಮ ಬೀದಿಯಲ್ಲಿ ಮನೆ ಏಳುತ್ತಿದ್ದರೆ ಮಗುವನ್ನು ಕರೆದೊಯ್ದು ಗಿಲಾವು ಮಾಡುವ ಮೊದಲೇ ಆ ಗೋಡೆಯನ್ನು ತೋರಿಸಿ. ಸಂದಿನ ಮೇಲೆ ಸಂದು ಬರುವಂತೆ ಒಂದು ಗೋಡೆ ಕಟ್ಟಲು ಬಿಟ್ಟು, ಬೆರಳಿನಿಂದ ತಳ್ಳಿ ನೋಡಲು ಹೇಳಿದರೆ ಇನ್ನೂ ಒಳ್ಳೆಯದು. ಬಾಗಿಲು ಕಿಟಕಿಗಳ ಪಕ್ಕದಲ್ಲಿ ಮೇಸ್ತ್ರಿ ಅರ್ಧ ಇಟ್ಟಿಗೆ ಬಳಸುವ ಹಾಗೆ ನೀವು ನಾಲ್ಕು ಗುಂಡಿಯ ತುಂಡು ಬಳಸಬೇಕು.

ನಾಲ್ಕು ವರಸೆಗೆ 64 ಇಟ್ಟಿಗೆ. ಬಾಗಿಲು ಕಿಟಕಿಗಳದನ್ನು ಕಳೆದರೆ ಇನ್ನೂ ಕಡಿಮೆ. ಬಣ್ಣ ಸಾಲದಿದ್ದರೆ ಕೆಳಗಿನ ಎರಡು ವರಸೆ ಒಂದು ಬಣ್ಣ, ಮೇಲಿನವು ಇನ್ನೊಂದು ಬಣ್ಣ ಮಾಡಿ. ನಮ್ಮ ಎಷ್ಟೋ ಮನೆಗಳ ಗೋಡೆಗೆ ಕೆಳಗೆ ಕೆಮ್ಮಣ್ಣಿನ ಪಟ್ಟಿ ಇರುತ್ತದೆಯಲ್ಲವೇ?

ಮಾಡಿನ ವಿಷಯ ಸ್ವಾರಸ್ಯವಾದದ್ದು. ಇಳಿಜಾರು ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. 45 ಡಿಗ್ರಿಯದಾದರೆ ಪ್ರತಿ ವರಸೆಗೆ ಒಂದು ಗುಂಡಿ ಒಳಕ್ಕೆ ಸರಿಯುತ್ತದೆ. ನಮ್ಮ ಮನೆಗೆ ಸೂರು ಸೇರಿ 18 ಗುಂಡಿ ಅಗಲ, ಆ ಲೆಕ್ಕದಲ್ಲಿ ಮಾಡು ಎಂಟು ವರಸೆ ಮೇಲೇರಿ ಗೋಡೆಗಿಂತ ಎರಡರಷ್ಟು ಎತ್ತರವಾಗಿ ನೋಡಲು ಟೋಪಿ ಹಾಕಿದಂತಿರುತ್ತದೆ. 33 ಡಿಗ್ರಿಯದಾದರೆ ಎರಡು ಗುಂಡಿ ಸರಿದು ನಾಲ್ಕೇ ವರಸೆಯಲ್ಲಿ ಮುಗಿಯುತ್ತದೆ, ಚೆನ್ನಾಗಿ ಒಪ್ಪುತ್ತದೆ. ಯಾವ ಇಳಿಜಾರು ತುಂಡೂ ಇಲ್ಲವೆನ್ನಿ. ಎರಡೆರಡು ಪ್ಲೇಟುಗಳನ್ನು ಒಟ್ಟಿಗೆ ಇಟ್ಟು, ಪ್ರತಿ ಸಲವೂ ಒಂದು ಗುಂಡಿ ಒಳಕ್ಕೆ ಸರಿಸುತ್ತ ಎರಡೂ ಕಡೆಯಿಂದ ಏರಿಸಿ. ಸುಮಾರು 39 ಡಿಗ್ರಿಯ ಇಳಿಜಾರು ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ ಎಂದು ಬೇಸರಪಡಬೇಡಿ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸಾಲು ಸಾಲು ಮಂಗಳೂರು ಹೆಂಚು ಹೊದಿಸಿದಂತೆಯೇ ಇರುತ್ತದೆ. ನುಣುಪಾದ ಇಳಿಜಾರು ತುಂಡಿನಿಂದ ಆ ನೋಟ ಬರುವುದಿಲ್ಲ. ತುಂಡು ಇಲ್ಲದ್ದರಿಂದಲೇ ದೊರೆತ ಲಾಭ ಇದು.

ಅಂಗಳದಲ್ಲಿ ಬಾವಿಯೊಂದು ಬೇಕೆಂದರೆ, ಚೌಕ ಇಟ್ಟಿಗೆಯಿಂದ ದುಂಡು ಹೇಗೆ? ಚೌಕಳಿ ಹಾಳೆಯ ಮೇಲೆ ಎಂಟು ಮನೆ ಅಗಲದ ವೃತ್ತ ಎಳೆದು, ಅರ್ಧಕ್ಕಿಂತ ಹೆಚ್ಚು ಒಳಗಿರುವ ಮನೆಗಳಿಗೆ ಬಣ್ಣ ತುಂಬಿ. ಸಾಲಿಗೆ 4, 6, 8, 8, 8, 8, 6, 4 ಎಂದು ಬರುತ್ತದೆ. ಹೊರ ಅಂಚಿನ ಮನೆಗಳ ಮೇಲೆ ಇಟ್ಟಿಗೆ ಇಟ್ಟು ನಡುವೆ ಖಾಲಿ ಬಿಟ್ಟರೆ ಬಾವಿ. ಈ ಅಳತೆಗೆ ಡಬ್ಬದ ಗೊಂಬೆ ದೈತ್ಯನಂತೆ ಕಾಣುತ್ತದೆ. ಒಂದು ಗುಂಡಿಯ ಎರಡು ದುಂಡು ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ನೀರು ಸೇದುವ ಅಜ್ಜಿ ಸಿದ್ಧ.

ದುಂಡು ಕಟ್ಟುವ ವಿಷಯ ಬಂದಾಗ ಅಮೆರಿಕದ ಪೆನ್ಸಿಲ್ವೇನಿಯದ ಧರ್ಮಗುರು ಫಾದರ್ ಬಾಬ್ ಸೈಮನ್ ಅವರನ್ನು ನೆನೆಯದಿರಲಾಗದು. ಸಂತ ಪೇತ್ರರ ಮಹಾದೇವಾಲಯವನ್ನೂ ಅದರ ಮುಂದಿನ ಚೌಕವನ್ನೂ ಅವರು ಸುಮಾರು ಐದು ಲಕ್ಷ ತುಂಡುಗಳಿಂದ ಕಟ್ಟಿದರು. ಅದಕ್ಕೆ ಹಿಡಿದದ್ದು ಹತ್ತು ತಿಂಗಳು. 2015ರಲ್ಲಿ ಕುಟುಂಬಗಳ ಜಾಗತಿಕ ಸಮ್ಮೇಳನಕ್ಕೆ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಫಿಲಡೆಲ್ಫಿಯಕ್ಕೆ ಬಂದ ಸಂದರ್ಭದಲ್ಲಿ ಅದನ್ನು ಅಲ್ಲಿನ ಫ್ರಾಂಕ್ಲಿನ್ ವಿಜ್ಞಾನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಗುಮ್ಮಟ, ಚೌಕವನ್ನು ತಬ್ಬಿದಂತಿರುವ ಕಂಬಸಾಲು ಎಲ್ಲವೂ ಬಾಗಿದ ರೇಖೆಗಳೇ. ಅವುಗಳಲ್ಲಿ ಒಂದನ್ನಾದರೂ ಚೌಕ ತುಂಡುಗಳಿಂದ ಕಟ್ಟಲು ಹೊರಟವರಿಗೇ ಆ ಹತ್ತು ತಿಂಗಳು ಏಕೆ ಬೇಕಾಯಿತೆಂದು ತಿಳಿಯುವುದು.

ಸ್ವಂತ ಮಾದರಿ ಕೆಲವೊಮ್ಮೆ ಡಬ್ಬದವರಿಗೆ ತೋಚದ್ದನ್ನು ತೋರಿಸುತ್ತದೆ. ಹವ್ಯಾಸಿಗಳು ತಮ್ಮ ಮಾದರಿಗಳನ್ನು ಸಂಸ್ಥೆಯ ಮುಂದಿಡುವ ಏರ್ಪಾಡೊಂದು 2008ರಲ್ಲಿ ಜಪಾನಿನಲ್ಲಿ ಆರಂಭವಾಯಿತು. 2014ರಿಂದ ಅದರ ಹೆಸರು 'ಲೆಗೊ ಐಡಿಯಾಸ್'. ಹತ್ತು ಸಾವಿರ ಜನರ ಬೆಂಬಲ ದೊರೆತ ಮಾದರಿಯನ್ನು ಸಂಸ್ಥೆ ಪರಿಶೀಲಿಸುತ್ತದೆ, ಆಯ್ಕೆಯಾದದ್ದು ಡಬ್ಬವಾಗಿ ಹೊರಬರುತ್ತದೆ. ನೆದರ್‌ಲ್ಯಾಂಡ್ಸಿನ ಭೂರಸಾಯನ ವಿಜ್ಞಾನಿ ಎಲೆನ್ ಕೂಯ್ಮನ್ ಅವರು ಗಮನಿಸಿದ್ದು, ಹೆಣ್ಣು ಗೊಂಬೆಗಳು ಕಡಿಮೆ, ಅವುಗಳಿಗೆ ಹೇಳಿಕೊಳ್ಳುವಂಥ ವೃತ್ತಿಗಳೂ ಕಡಿಮೆ ಎಂಬುದನ್ನು. ಅವರ ಮಾದರಿಯಿಂದ ಹುಟ್ಟಿದ ಡಬ್ಬದಲ್ಲಿ ಮೂವರು ಮಹಿಳೆಯರಿದ್ದರು: ದೂರದರ್ಶಕದ ಮುಂದೆ ಖಗೋಳ ವಿಜ್ಞಾನಿ, ಪ್ರಾಚೀನ ಪ್ರಾಣಿಯ ಅಸ್ಥಿಪಂಜರದ ಬಳಿ ಒಬ್ಬರು, ಪ್ರಯೋಗಶಾಲೆಯಲ್ಲಿ ರಸಾಯನ ವಿಜ್ಞಾನಿ. 2014ರಲ್ಲಿ ಅದು ಮಾರುಕಟ್ಟೆಗೆ ಬಂದು ಬೇಗನೆ ಖಾಲಿಯಾಯಿತು. ನಿಮ್ಮ ಮಗಳು ಕಟ್ಟುವ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿಯ ಮೇಲೆ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿ.

ತಂದೆತಾಯಂದಿರೇ, ಇಲ್ಲಿ ನಿಮ್ಮ ಪಾತ್ರ ಸೂಕ್ಷ್ಮವಾದದ್ದು. ಮಗು ಕಟ್ಟಿ ತಂದದ್ದನ್ನು ನೋಡಿ "ಇದೇನಿದು, ದನವೋ ಬಸ್ಸೋ?" ಎಂದು ನಗುವ ಚಪಲ ನಮ್ಮೆಲ್ಲರಿಗೂ ಇದೆ. ಅದರ ಬದಲು "ಇದರ ವಿಷಯ ಸ್ವಲ್ಪ ಹೇಳು ಮಗಾ" ಎನ್ನಿ. ಬಾಲವೆಂದು ನೀವು ತಿಳಿದದ್ದು ಹೊಗೆಕೊಳವೆ ಆಗಿರಬಹುದು. ಗೋಡೆ ಸೊಟ್ಟಗಿದ್ದರೆ ಕೈಹಾಕಿ ನೆಟ್ಟಗೆ ಮಾಡಬೇಡಿ. ಬೀಳುವ ಗೋಡೆ ತಾನೇ ಬಿದ್ದರೆ ಮಗು ಕಾರಣ ಹುಡುಕುತ್ತದೆ. ನೀವು ಸರಿಮಾಡಿಕೊಟ್ಟರೆ ನಿಮ್ಮನ್ನು ಹುಡುಕುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಜಗಳ ಖಂಡಿತ. ಬುಟ್ಟಿಯಲ್ಲಿರುವ ತುಂಡು ಇಬ್ಬರದು, ಕಟ್ಟಿದ ಮಾದರಿಯಲ್ಲಿ ಸೇರಿದ ತುಂಡು ಕಟ್ಟಿದವರದು, ಅದನ್ನು ಕೇಳದೆ ಕೀಳುವಂತಿಲ್ಲ ಎಂದು ಮೊದಲೇ ನಿಯಮ ಮಾಡಿ, ದೊಡ್ಡವರೂ ಅದನ್ನು ಪಾಲಿಸಿ. ಊಟದ ಮೇಜು ಬೇಕಾದಾಗ ಅಪ್ಪನೇ ಮಾದರಿಯನ್ನು ಬಾಚಿ ಡಬ್ಬಕ್ಕೆ ಸುರಿದರೆ ಆ ನಿಯಮಕ್ಕೆ ಬೆಲೆಯೇನು? ಒಂದು ಅಗಲವಾದ ತಟ್ಟೆಯ ಮೇಲೆ ಕಟ್ಟಲು ಹೇಳಿದರೆ ಎತ್ತಿಡಲು ಸುಲಭ.

ಹೊಸ ಡಬ್ಬ ಕೊಳ್ಳುವ ಅವಸರ ಬೇಡ. ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಈ ಆಕಾರವನ್ನು ವ್ಯಾಪಾರ ಚಿಹ್ನೆಯೆಂದು ಕಾಯ್ದಿರಿಸಲಾಗದೆಂದು 2005ರಲ್ಲಿ ಕೆನಡದ ಸುಪ್ರೀಂ ಕೋರ್ಟೂ 2010ರಲ್ಲಿ ಯುರೋಪಿನ ನ್ಯಾಯಾಲಯವೂ ತೀರ್ಪು ಕೊಟ್ಟಿವೆ. ಹಾಗಾಗಿ ಬೇರೆ ತಯಾರಕರ ಅಗ್ಗದ ಇಟ್ಟಿಗೆಗಳೂ ಸಿಗುತ್ತವೆ. ಕೊಳ್ಳುವಾಗ ಎರಡನ್ನು ಜೋಡಿಸಿ ತಲೆಕೆಳಗಾಗಿ ಹಿಡಿಯಿರಿ. ಬೀಳಬಾರದು. ಮಗುವಿನ ಕೈಗೆ ಬಿಡಿಸಲೂ ಬರಬೇಕು. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಸಣ್ಣ ತುಂಡುಗಳು ಅದರ ಕೈಗೆಟುಕದಂತೆ ಇರಲಿ, ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ. ಬಣ್ಣದ ಪ್ರಕಾರ ಬೇರೆಮಾಡಿ ಇಡುವುದು ನೋಡಲು ಅಂದ, ಬಳಸಲು ಕಷ್ಟ. ಕೆಂಪು ರಾಶಿಯಲ್ಲಿ ಕೆಂಪು ಪ್ಲೇಟು ಹುಡುಕುವುದಕ್ಕಿಂತ ಪ್ಲೇಟುಗಳ ರಾಶಿಯಲ್ಲಿ ಕೆಂಪನ್ನು ಹುಡುಕುವುದು ಕಣ್ಣಿಗೆ ಸುಲಭ. ಖಾಲಿ ಬಿಸ್ಕತ್ತಿನ ಡಬ್ಬಗಳಲ್ಲಿ ಆಕಾರದ ಪ್ರಕಾರ ತುಂಬಿಡಿ.

ಕೊನೆಗೆ ಬಿಚ್ಚುವ ಮಾತು. ಕಟ್ಟಿದ ಮನೆ ಒಂದೆರಡು ವಾರ ಎಲ್ಲರಿಗೂ ಕಾಣುವಂತೆ ಇರಲಿ, ಬಂದ ನೆಂಟರಿಗೆ ಮಗುವೇ ತೋರಿಸಲಿ. ಆಮೇಲೆ ಮುಂದಿನಿಂದ, ಪಕ್ಕದಿಂದ, ಮಾಡು ತೆಗೆದು ಮೇಲಿನಿಂದ, ಹೀಗೆ ಮೂರು ಫೋಟೋ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮನೆಯ ಹೆಸರು, ಎಷ್ಟು ಇಟ್ಟಿಗೆ, ಎಲ್ಲಿ ಕಷ್ಟವಾಯಿತು ಎಂದು ಮಗುವಿನ ಕೈಯಲ್ಲೇ ಬರೆಸಿ. ಬಿಡಿಸುವಾಗ ಹಲ್ಲಿನಿಂದ ಕಚ್ಚುವುದು ಬೇಡ, ಅದಕ್ಕೆಂದೇ ಸಿಗುವ ಪುಟ್ಟ ಸಾಧನ ಬಳಸಿ. ಧೂಳು ಹಿಡಿದಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಬಹುದು, 40 ಡಿಗ್ರಿಗಿಂತ ಬಿಸಿ ಬೇಡ. ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಒಣಗಿಸಿ. ಒಣಗುವಷ್ಟರಲ್ಲಿ ಮುಂದಿನದು ಏನೆಂದು ಕೇಳಿ ನೋಡಿ. ಮಗುವಿನ ಬಳಿ ಉತ್ತರ ಆಗಲೇ ಇರುತ್ತದೆ.